ಗಂಟೆ ಲೆಕ್ಕದ ರಜೆ: ನಮ್ಮ ಕಂಪನಿಯ ಆರೈಕೆ ಪಾಲಿಸಿಯನ್ನು 14 ತಿಂಗಳು ಬಳಸಿದ ಮೇಲೆ

ಬೆಳಿಗ್ಗೆ ಎದ್ದ ತಕ್ಷಣ ಅಪ್ಪ ಹುಡುಕುವುದು ಚರ್ಮದ ಚೀಲವನ್ನು. ಬೆಂಗಳೂರಿನ ಸಿಟಿ ಬಸ್ ಸಂಸ್ಥೆ ಬಿಟಿಎಸ್ ಆಗಿದ್ದ ಕಾಲದಲ್ಲಿ ಕಂಡಕ್ಟರ್ ಆಗಿ ಸೇರಿದವರು ಅವರು. 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಹತ್ತು ವರ್ಷ ದುಡಿದು ರಿಟೈರ್ ಆದರು. ಈಗ 76 ವರ್ಷ. ಎರಡು ವರ್ಷದ ಹಿಂದೆ ಡಾಕ್ಟರು ಡಿಮೆನ್ಷಿಯಾ ಅಂತ ಹೆಸರು ಹೇಳಿದರು. ಮನೆಯಲ್ಲಿ ನಾವು ಮರೆವಿನ ಕಾಯಿಲೆ ಅನ್ನುತ್ತೇವೆ. ಚೀಲ ಸಿಗದಿದ್ದರೆ ಡ್ಯೂಟಿಗೆ ತಡವಾಗುತ್ತೆ ಅಂತ ಒದ್ದಾಡುತ್ತಾರೆ. ನನ್ನ ಹೆಂಡತಿ ಸುಮಾಳ ಒಂದು ಹಳೇ ಬ್ಯಾಗನ್ನು ಅದಕ್ಕೆ ಅಂತಲೇ ಇಟ್ಟಿದ್ದೇವೆ. ಅದನ್ನು ಹೆಗಲಿಗೆ ಹಾಕಿ, ಒಳಗೆ ನಾಲ್ಕು ಚಿಲ್ಲರೆ ಕಾಸು ಹಾಕಿದರೆ ಸಮಾಧಾನವಾಗುತ್ತಾರೆ. ಆಮೇಲೆ ಸ್ನಾನ, ತಿಂಡಿ, ಮಾತ್ರೆ.

ಇಷ್ಟು ಕೆಲಸ ಒಂದೊಂದು ದಿನ ಮುಕ್ಕಾಲು ಗಂಟೆಗೆ ಮುಗಿಯುತ್ತೆ. ಒಂದೊಂದು ದಿನ ಎರಡೂವರೆ ಗಂಟೆ ಹಿಡಿಯುತ್ತೆ. ಯಾವ ದಿನ ಎಷ್ಟು ಅಂತ ಹಿಂದಿನ ರಾತ್ರಿ ಯಾರೂ ಹೇಳಲಾರರು. ನಾನು ಇಲ್ಲಿ ರಿವ್ಯೂ ಮಾಡುತ್ತಿರುವುದು ಆ ಎರಡೂವರೆ ಗಂಟೆಯನ್ನು ನನ್ನ ಕಂಪನಿ ಹೇಗೆ ನೋಡುತ್ತೆ ಅನ್ನುವುದನ್ನು. ಮಿಕ್ಸಿ, ಫೋನು, ಹೋಟೆಲಿನ ದೋಸೆ ಎಲ್ಲದಕ್ಕೂ ನಾವು ಅಭಿಪ್ರಾಯ ಬರೆಯುತ್ತೇವೆ. ದಿನಕ್ಕೆ ಒಂಬತ್ತು ಗಂಟೆ ಬದುಕು ಕಳೆಯುವ ಜಾಗದ ಪಾಲಿಸಿ ಬಗ್ಗೆ ಯಾಕೆ ಬರೆಯಬಾರದು, ಅಲ್ವಾ?

ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಮಧ್ಯಮ ಗಾತ್ರದ್ದು. ನಾನು ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ಮನೆ ಹನುಮಂತನಗರ. 2024ರ ಅಕ್ಟೋಬರ್‌ನಲ್ಲಿ ಸೇರಿದೆ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ದೂರುಗಳೂ ಇವೆ.

ಮೊದಲು ಹಿಂದಿನ ಕಂಪನಿಯ ಕತೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಹೋಲಿಕೆ ಅರ್ಥವಾಗುವುದಿಲ್ಲ.

ಅಮ್ಮ 2022ರಲ್ಲಿ ತೀರಿಕೊಂಡರು. ಅಪ್ಪನ ಮರೆವನ್ನು ಅಷ್ಟು ದಿನ ಅಮ್ಮ ಮುಚ್ಚಿಟ್ಟಿದ್ದರು ಅಂತ ನಮಗೆ ಗೊತ್ತಾಗಿದ್ದೇ ಆಮೇಲೆ. ಹಾಲಿನವನಿಗೆ ಎರಡು ಸಲ ದುಡ್ಡು ಕೊಡುವುದು, ಗ್ಯಾಸ್ ಆರಿಸದೇ ಬರುವುದು, ಸಂಜೆಯಾದರೆ ‘ಮನೆಗೆ ಹೋಗೋಣ’ ಅಂತ ಮನೆಯಲ್ಲೇ ಕೂತು ಹಟ ಮಾಡುವುದು. ಸುಮಾ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಏಳೂವರೆಗೆ ಮನೆ ಬಿಡಬೇಕು. ಆದರೂ ಎರಡು ವರ್ಷ ಅಪ್ಪನ ಪೂರ್ತಿ ಭಾರ ಬಿದ್ದಿದ್ದು ಅವಳ ಮೇಲೆ. ನಾಲ್ಕೂವರೆಗೆ ಎದ್ದು ಎಲ್ಲ ಮುಗಿಸಿ ಓಡುತ್ತಿದ್ದಳು. ಮಧ್ಯಾಹ್ನ ಬಂದು ಮತ್ತೆ ಶುರು. ನಾನು ರಾತ್ರಿ ಒಂಬತ್ತಕ್ಕೆ ಬಂದು ‘ಹೇಗಿದ್ದಾರೆ?’ ಅಂತ ಕೇಳುತ್ತಿದ್ದೆ. ಈಗ ಬರೆಯುವಾಗಲೂ ಆ ಪ್ರಶ್ನೆ ಬಗ್ಗೆ ನನಗೆ ಬೇಸರವಿದೆ.

ಹಿಂದಿನ ಕಂಪನಿಯಲ್ಲಿ ರಜೆ ಕೇಳಿದರೆ ಅರ್ಜಿಯಲ್ಲಿ ಇದ್ದ ಕಾರಣಗಳು ನಾಲ್ಕೇ: ಸ್ವಂತ ಕಾಯಿಲೆ, ಮದುವೆ, ಸಾವು, ವೈಯಕ್ತಿಕ. ಅಪ್ಪನನ್ನು ನೋಡಿಕೊಳ್ಳುವುದು ಯಾವುದರ ಕೆಳಗೂ ಬರುತ್ತಿರಲಿಲ್ಲ. ‘ನನಗೇ ಜ್ವರ’ ಅಂತ ಹಾಕುತ್ತಿದ್ದೆ. ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಅಂದರೆ ಕರ್ನಾಟಕದ 1961ರ ಕಾಯ್ದೆ, ಕಾಯಿಲೆ ಅಥವಾ ಬೇರೆ ನ್ಯಾಯವಾದ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳದ ರಜೆ ಕೊಡುತ್ತೆ. ಅದು ಬಿಟ್ಟು 20 ದಿನ ಕೆಲಸಕ್ಕೆ ಒಂದು ದಿನದಂತೆ ಗಳಿಕೆ ರಜೆ. ನನ್ನ 12 ದಿನ ಜೂನ್ ಹೊತ್ತಿಗೆ ಮುಗಿದಿರುತ್ತಿತ್ತು. ಆಮೇಲೆ ನಿಜವಾಗಲೂ ನನಗೆ ಜ್ವರ ಬಂದಾಗ ಡೋಲೋ ನುಂಗಿ ಆಫೀಸಿಗೆ ಹೋಗಿದ್ದೇನೆ.

2007ರಲ್ಲಿ ಬಂದ ಕೇಂದ್ರದ ಕಾಯ್ದೆಯೊಂದಿದೆ. ತಂದೆ ತಾಯಿಯನ್ನು, ಹಿರಿಯರನ್ನು ಮಕ್ಕಳು ನೋಡಿಕೊಳ್ಳಲೇಬೇಕು ಅನ್ನುತ್ತೆ ಅದು. ಬೀದಿಗೆ ಬಿಟ್ಟರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳ್ಳೆಯ ಕಾಯ್ದೆ. ಆದರೆ ನೋಡಿಕೊಳ್ಳಲು ಬೇಕಾದ ಹೊತ್ತನ್ನು ಕೆಲಸ ಕೊಟ್ಟವರು ಬಿಟ್ಟುಕೊಡಬೇಕು ಅನ್ನುವ ಒಂದು ಸಾಲು ಅದರಲ್ಲಿಲ್ಲ. ಹೆರಿಗೆ ರಜೆ 2017ರ ತಿದ್ದುಪಡಿಯಲ್ಲಿ 26 ವಾರ ಆಯಿತು. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಶಿಶುಪಾಲನೆಗೆ ಜಾಗ ಇರಬೇಕು ಅಂತಾಯಿತು. ಮಗು ಹುಟ್ಟಿದಾಗ ಆರೈಕೆ ಬೇಕು ಅಂತ ಕಾನೂನಿಗೆ ಗೊತ್ತಾಗಿದೆ. ಮನುಷ್ಯ ಮುದುಕನಾದಾಗಲೂ ಬೇಕು ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಒಂದು ದಿನ ಮಧ್ಯಾಹ್ನ ಅಪ್ಪ ಮನೆಯಿಂದ ಹೊರಟುಬಿಟ್ಟರು. ಅವರನ್ನು ನೋಡಿಕೊಳ್ಳಲು ಇಟ್ಟಿದ್ದ ಅಟೆಂಡರ್ ಹುಡುಗ ಊಟಕ್ಕೆ ಕೂತಿದ್ದ. ಅವನು ಫೋನ್ ಮಾಡಿದಾಗ ನಾನು ಮೀಟಿಂಗ್‌ನಲ್ಲಿದ್ದೆ. ಎದ್ದು ಹೋಗಬೇಕು ಅಂದಾಗ ಮ್ಯಾನೇಜರ್ ‘ಡೆಮೊ ಮುಗಿಸಿ ಹೋಗಿ’ ಅಂದರು. ನಾನು ಮುಗಿಸಿದೆ. ಮುಗಿಸಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅಪ್ಪ ಸಿಕ್ಕಿದ್ದು ಮಾರ್ಕೆಟ್ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಕಂಡಕ್ಟರ್ ಅವರನ್ನು ಕೂರಿಸಿ, ಟೀ ಕೊಡಿಸಿ, ಜೇಬಿನಲ್ಲಿದ್ದ ಚೀಟಿ ನೋಡಿ ನನಗೆ ಫೋನ್ ಮಾಡಿದ್ದರು. ‘ನಮ್ಮ ಸೀನಿಯರ್ ಸಾರ್ ಇವರು, ಸ್ಟೇಜ್ ಎಲ್ಲ ಸರಿಯಾಗಿ ಹೇಳ್ತಾರೆ’ ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಎದೆ ಡವಡವ ಅಂತಿತ್ತು. ಸಂಜೆ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಬಿಪಿ ನೋಡಿಸಿದರೆ 164/102. ವಾರ ಬಿಟ್ಟು ನೋಡಿದರೂ 158/98. ನನಗಾಗ 43 ವರ್ಷ. (ಹಿರಿಯರಿಗೆ ಅಂತ ಬೆಂಗಳೂರಿನಲ್ಲಿ 1090 ಸಹಾಯವಾಣಿ ಇದೆ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸುತ್ತಿದ್ದಾರೆ. ಆ ದಿನ ನನಗೆ ಅದು ಹೊಳೆಯಲೇ ಇಲ್ಲ. ನೀವು ಫೋನಿನಲ್ಲಿ ಹಾಕಿಟ್ಟುಕೊಳ್ಳಿ.)

ಆ ವಾರವೇ ಬೇರೆ ಕೆಲಸ ಹುಡುಕಲು ಶುರು ಮಾಡಿದೆ. ಸಂಬಳ ಜಾಸ್ತಿ ಕೇಳಲಿಲ್ಲ. ಪ್ರತಿ ಇಂಟರ್‌ವ್ಯೂನಲ್ಲಿ ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ಮನೆಯಲ್ಲಿ ಕಾಯಿಲೆಯವರು ಇರುವವರಿಗೆ ನಿಮ್ಮಲ್ಲಿ ಏನು ವ್ಯವಸ್ಥೆ ಇದೆ? ಮೂರು ಕಡೆ ‘ನಾವೆಲ್ಲ ಒಂದೇ ಫ್ಯಾಮಿಲಿ ಇದ್ದಹಾಗೆ’ ಅಂದರು. ಒಂದು ಕಡೆ ಮಾತ್ರ ಎರಡು ಪುಟದ ಕಾಗದ ಕೊಟ್ಟರು. ಅಲ್ಲಿಗೆ ಸೇರಿದೆ.

ಆ ಎರಡು ಪುಟದಲ್ಲಿ ಇರುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆರೈಕೆ ರಜೆ. ವರ್ಷಕ್ಕೆ ಹತ್ತು ದಿನ, ಸಂಬಳದ ಜೊತೆ. ಹತ್ತು ದಿನ ಅಂದರೆ ಅಷ್ಟೇನಾ ಅನ್ನಿಸಬಹುದು. ಆದರೆ ಅದನ್ನು ದಿನದ ಲೆಕ್ಕದಲ್ಲಿ ಕೊಡುವುದಿಲ್ಲ, 80 ಗಂಟೆ ಅಂತ ಕೊಡುತ್ತಾರೆ. ಒಂದು ಗಂಟೆಯೂ ತೆಗೆದುಕೊಳ್ಳಬಹುದು. ಆಪ್ ತೆರೆದು ‘ಆರೈಕೆ’ ಒತ್ತಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಹಾಕಿದರೆ ಮುಗಿಯಿತು. ಕಾರಣ ಬರೆಯಲು ಜಾಗವೇ ಇಲ್ಲ. ಯಾರೂ ಒಪ್ಪಬೇಕಾಗಿಲ್ಲ, ಲೀಡ್‌ಗೆ, ಅಂದರೆ ತಂಡದ ಮುಖ್ಯಸ್ಥರಿಗೆ, ಸುಮ್ನೆ ಒಂದು ಮೆಸೇಜ್ ಹೋಗುತ್ತೆ. ವರ್ಷಕ್ಕೊಂದು ಸಲ ಡಾಕ್ಟರ ಪತ್ರ ಕೊಟ್ಟರೆ ಸಾಕು.

ಮೊದಲ ಸಲ ಒತ್ತಿದಾಗ ನನ್ನ ಕೈ ನಡುಗಿತ್ತು. ಯಾರಾದರೂ ಫೋನ್ ಮಾಡಿ ‘ಏನಾಯ್ತು?’ ಅಂತ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಯಾರೂ ಮಾಡಲಿಲ್ಲ. ಅವತ್ತು ಅಪ್ಪ ಸ್ನಾನಕ್ಕೆ ಒಪ್ಪದೆ ಬಚ್ಚಲ ಬಾಗಿಲು ಹಿಡಿದು ನಿಂತಿದ್ದರು. ಮೊದಲಾಗಿದ್ದರೆ ನಾನು ಗಡಿಯಾರ ನೋಡಿಕೊಂಡು ಅವರ ಬೆರಳು ಬಿಡಿಸುತ್ತಿದ್ದೆ. ಅವರಿಗೆ ಭಯ, ನನಗೆ ಸಿಟ್ಟು. ಅವತ್ತು ಎರಡು ಗಂಟೆ ಕೈಯಲ್ಲಿತ್ತು. ಹೊರಗೆ ಸ್ಟೂಲ್ ಹಾಕಿ ಕೂತೆ. ‘ಡಿಪೋಗೆ ಹೋಗುವ ಮುಂಚೆ ಫ್ರೆಶ್ ಆಗೋಣ್ವಾ ಅಪ್ಪ?’ ಅಂದೆ. ಹತ್ತು ನಿಮಿಷ ಬಿಟ್ಟು ಅವರೇ ಅಂಗಿ ಗುಂಡಿ ಬಿಚ್ಚಲು ಶುರು ಮಾಡಿದರು. ಮೇಲಿನಿಂದ ಮೂರನೇ ಗುಂಡಿಗೆ ಬಂದಾಗ ಮರೆತು ಮತ್ತೆ ಹಾಕಿಕೊಂಡರು. ಮತ್ತೆ ಬಿಚ್ಚಿದರು. ನಾನು ಏನೂ ಹೇಳಲಿಲ್ಲ. ನೀರು ಹಾಕುವಾಗ ಅವರು ಒಂದೊಂದು ಚೊಂಬಿಗೂ ‘ರೈಟ್, ರೈಟ್’ ಅನ್ನುತ್ತಿದ್ದರು.

ಆತುರ ಇದ್ದ ದಿನಗಳಲ್ಲಿ ಏನಾಗುತ್ತಿತ್ತು ಅನ್ನುವುದಕ್ಕೆ ನನ್ನ ಎಡ ಮುಂಗೈ ಮೇಲೆ ಗುರುತಿದೆ. ಹಿಂದಿನ ಕೆಲಸದಲ್ಲಿದ್ದಾಗ ಗೀಸರ್ ನೀರು ಬೆರೆಸುತ್ತಾ ಅವರನ್ನು ಎಳೆದೆ, ಅವರು ತಳ್ಳಿದರು, ಬಕೆಟ್ ಮಗುಚಿತು. ಅಂಗೈ ಅಗಲ ಸುಟ್ಟಿತು. ಆ ಗಾಯ ಒಣಗಲು ತಿಂಗಳ ಮೇಲೆ ಹಿಡಿಯಿತು. ಶುಗರ್ ಇರಬಹುದು ಅಂತ ಟೆಸ್ಟ್ ಮಾಡಿಸಿದೆ, ಗಡಿಯಲ್ಲಿತ್ತು. ಆಮೇಲೆ ಈಗಿನ ಕಂಪನಿಯ ಆಪ್ತ ಸಲಹೆಗಾರ್ತಿ ಒಂದು ವಿಷಯ ಹೇಳಿದರು. ಅಮೆರಿಕದ ಓಹಿಯೊದಲ್ಲಿ ಕೀಕೋಲ್ಟ್ ಗ್ಲೇಸರ್ ಅನ್ನುವವರ ತಂಡ 1995ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರಿಗೆ, ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಹೆಂಗಸರಿಗೆ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ವಾಸಿಯಾಗುವುದನ್ನು ನೋಡಿದರು. ಆರೈಕೆ ಮಾಡುತ್ತಿದ್ದವರಿಗೆ ಸರಾಸರಿ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಗುಂಪು ಚಿಕ್ಕದು, ನಿಜ. ನನ್ನ ಗಾಯವೂ ಅದಕ್ಕೇ ತಡವಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಮನಸ್ಸಿನ ಒತ್ತಡ ಚರ್ಮದವರೆಗೂ ಇಳಿಯುತ್ತೆ ಅಂತ ಕೇಳಿದಾಗ ನನ್ನ ಕೈಯನ್ನೇ ನೋಡಿಕೊಂಡೆ.

ಇನ್ನೊಂದು ಅಧ್ಯಯನ ಇನ್ನೂ ದೊಡ್ಡದು. ಷುಲ್ಸ್ ಮತ್ತು ಬೀಚ್ ಅನ್ನುವವರು 1999ರಲ್ಲಿ ಪ್ರಕಟಿಸಿದ್ದು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಅದರಿಂದ ಒತ್ತಡ ಅನುಭವಿಸುತ್ತಿದ್ದ ವಯಸ್ಸಾದವರಲ್ಲಿ, ನಾಲ್ಕು ವರ್ಷದಲ್ಲಿ ಸಾಯುವ ಸಂಭವ ಆರೈಕೆ ಮಾಡದವರಿಗಿಂತ 63% ಜಾಸ್ತಿ ಇತ್ತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನೋಡಿಕೊಳ್ಳುತ್ತಿದ್ದರೂ ಒತ್ತಡ ಇಲ್ಲದವರಲ್ಲಿ ಆ ಏರಿಕೆ ಕಾಣಲಿಲ್ಲ. ಅಂದರೆ ಕೊಲ್ಲುವುದು ಅಪ್ಪನ ಸೇವೆ ಅಲ್ಲ. ಆ ಸೇವೆ ಮಾಡುವಾಗ ಎದೆ ಮೇಲೆ ಕೂತಿರುವ ಬೇರೆ ಭಾರಗಳು. ಆಫೀಸು ಇಳಿಸಬಹುದಾದ ಭಾರ ಅದರಲ್ಲಿ ಎಷ್ಟಿದೆ ಅಂತ ನನಗೆ ಈಗ ಚೆನ್ನಾಗಿ ಗೊತ್ತು.

ಪಾಲಿಸಿಗೆ ವಾಪಸ್ ಬರುತ್ತೇನೆ. ಗಂಟೆ ರಜೆಯ ಜೊತೆ ಹೊತ್ತು ಆರಿಸಿಕೊಳ್ಳುವ ಅವಕಾಶವೂ ಇದೆ. ಏಳರಿಂದ ನಾಲ್ಕು, ಅಥವಾ ಹತ್ತೂವರೆಯಿಂದ ಏಳೂವರೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ. ನಾನು ಹತ್ತೂವರೆ ಆರಿಸಿಕೊಂಡೆ. ಅಪ್ಪನನ್ನು ಡೇ ಕೇರ್ ವ್ಯಾನಿಗೆ ಹತ್ತಿಸಿ, ಆರ್.ವಿ. ರೋಡ್ ಸ್ಟೇಷನ್‌ಗೆ ಹೋಗಿ ಹಳದಿ ಮೆಟ್ರೊ ಹಿಡಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಈ ಲೈನ್ ಶುರುವಾಗುವವರೆಗೆ ಸಿಲ್ಕ್ ಬೋರ್ಡಿನಲ್ಲೇ ದಿನಕ್ಕೆ ಒಂದು ಗಂಟೆ ಹೋಗುತ್ತಿತ್ತು. ಮೆಟ್ರೊ ಬಂದದ್ದು ನಮ್ಮ ಕಂಪನಿಯ ಪುಣ್ಯ ಅಲ್ಲ ಬಿಡಿ, ಆದರೆ ನನ್ನ ಬಿಪಿಯ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಡೇ ಕೇರ್ ಫೀಸಿನಲ್ಲಿ ತಿಂಗಳಿಗೆ 4,000 ರೂಪಾಯಿ ಕಂಪನಿ ಕೊಡುತ್ತೆ. ಮೊದಲು ಏಜೆನ್ಸಿಯ ಅಟೆಂಡರ್‌ಗೆ ತಿಂಗಳಿಗೆ 26,000 ಕೊಡುತ್ತಿದ್ದೆ. ಡೇ ಕೇರ್‌ಗೆ ಅದರ ಅರ್ಧದಷ್ಟೂ ಆಗುವುದಿಲ್ಲ. ಅಲ್ಲಿ ಅಪ್ಪನಿಗೆ ಜೊತೆಯವರೂ ಇದ್ದಾರೆ. ಬಿಲ್ ಹಾಕಿದ ತಿಂಗಳೇ ದುಡ್ಡು ಬರುವುದಿಲ್ಲ, ಎರಡು ತಿಂಗಳು ತಡ. ದೊಡ್ಡ ದೂರಲ್ಲ.

ಇನ್ಶೂರೆನ್ಸ್‌ನಲ್ಲಿ ಅಪ್ಪ ಇದ್ದಾರೆ. ಆಸ್ಪತ್ರೆ ಬಿಲ್ಲಿನಲ್ಲಿ ಐದನೇ ಒಂದು ಭಾಗ ನಮ್ಮ ಕೈಯಿಂದ ಹೋಗುತ್ತೆ. ಅಡ್ಮಿಟ್ ಆದರೆ ಮಾತ್ರ ದುಡ್ಡು. ಆದರೆ ಮರೆವಿನ ಕಾಯಿಲೆಯ ಖರ್ಚು ಇರುವುದೆಲ್ಲ ಮನೆಯಲ್ಲಿ. ಡಯಾಪರ್, ಅಟೆಂಡರ್, ಫಿಸಿಯೊ, ಬಚ್ಚಲಿಗೆ ಹಾಕಿಸಿದ ಹಿಡಿಕೆ. ಅದು ಯಾವುದೂ ಸಿಗುವುದಿಲ್ಲ. ಈ ಭಾಗಕ್ಕೆ ಅರ್ಧ ಮಾರ್ಕು.

ಫೋನ್ ಕೌನ್ಸೆಲಿಂಗ್ ಬಗ್ಗೆ ನನಗೆ ಎರಡು ಮನಸ್ಸಿದೆ. ಕನ್ನಡ ಬರುವವರು ಬೇಕು ಅಂದಾಗ ಸಿಗಲು ಹನ್ನೊಂದು ದಿನ ಹಿಡಿಯಿತು. ಅಷ್ಟರವರೆಗೆ ಇಂಗ್ಲಿಷ್‌ನಲ್ಲಿ ಮಾತಾಡಿ ಅಂದರು. ನಾನು ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡುತ್ತೇನೆ. ಆದರೆ ‘ಅಪ್ಪ ನನ್ನ ಹೆಸರು ಮರೆತರು’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳಕ್ಕೆ ನನಗೆ ಬರಲಿಲ್ಲ. ಆ ಹನ್ನೊಂದು ದಿನದಲ್ಲಿ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಸೇವೆ, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಕಂಪನಿಯವರು ತಮ್ಮ ಕಾಗದದಲ್ಲಿ ಈ ನಂಬರನ್ನೂ ಹಾಕಬೇಕು ಅಂತ ಹೇಳಿದೆ, ಈಗ ಹಾಕಿದ್ದಾರೆ.

ಕೊನೆಗೆ ಸಿಕ್ಕ ಕನ್ನಡದ ಸಲಹೆಗಾರ್ತಿ ಮಾತ್ರ ಬಹಳ ಒಳ್ಳೆಯವರು. ಮೊದಲ ದಿನ 22 ಪ್ರಶ್ನೆ ಕೇಳಿದರು. ಜ಼ರಿಟ್ ಪಟ್ಟಿ ಅನ್ನುತ್ತಾರಂತೆ, ಆರೈಕೆ ಮಾಡುವವರ ಹೊರೆ ಅಳೆಯಲು. ನಿಮಗೆ ಅಂತ ಹೊತ್ತು ಉಳಿಯುತ್ತಾ, ಅವರ ಮೇಲೆ ಸಿಟ್ಟು ಬರುತ್ತಾ, ಇನ್ನೂ ಜಾಸ್ತಿ ಮಾಡಬೇಕಿತ್ತು ಅನ್ನಿಸುತ್ತಾ, ಹೀಗೆ. ಒಟ್ಟು 88ಕ್ಕೆ ನನಗೆ ಬಂದಿದ್ದು 51. ‘ಸುಮಾ ಅವರಿಗೂ ಕೇಳೋಣ್ವಾ?’ ಅಂದರು. ಅವಳಿಗೆ 58 ಬಂತು. ಆ ನಂಬರ್ ನೋಡಿ ಅವಳು ಅತ್ತಳು. ‘ನನಗೆ ಸುಸ್ತು ಅಂತ ಯಾರೋ ಲೆಕ್ಕ ಹಾಕಿ ಹೇಳಿದ ಹಾಗಾಯ್ತು’ ಅಂದಳು. ಎರಡು ವರ್ಷದಲ್ಲಿ ಅವಳ ತೂಕ ಏಳು ಕೆ.ಜಿ. ಇಳಿದಿತ್ತು, ಥೈರಾಯ್ಡ್ ಮಾತ್ರೆ ಶುರುವಾಗಿತ್ತು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಇಲ್ಲೇ ಈ ಪಾಲಿಸಿ ನಮ್ಮ ಮನೆಯಲ್ಲಿ ಮಾಡಿದ ದೊಡ್ಡ ಬದಲಾವಣೆ ಹೇಳಬೇಕು. ಕಂಪನಿಯವರಿಗೂ ಇದು ಗೊತ್ತಿರಲಿಕ್ಕಿಲ್ಲ. ಆರೈಕೆ ರಜೆ ಇರುವುದು ನನಗೆ. ಸುಮಾಳ ಶಾಲೆಯಲ್ಲಿ ಇಲ್ಲ. ಹಾಗಾಗಿ ಬೆಳಿಗ್ಗೆಯ ಅಪ್ಪ ಪೂರ್ತಿ ನನ್ನ ಪಾಲಾದರು. ಸ್ನಾನ, ಡಾಕ್ಟರು, ಪಿಂಚಣಿ ಕೆಲಸ ಎಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಯವರನ್ನು ನೋಡಿಕೊಳ್ಳುವ ಕೆಲಸ ಮಾಡುವ ಹೆಂಗಸರು ದಿನಕ್ಕೆ 134 ನಿಮಿಷ ಕೊಡುತ್ತಾರೆ, ಗಂಡಸರು 76 ನಿಮಿಷ. ‘ಗಂಡಸರು ಮಾಡಲ್ಲ’ ಅನ್ನುವುದು ನಿಜ. ನಾನೂ ಮಾಡುತ್ತಿರಲಿಲ್ಲ. ಆದರೆ ರಜೆಯ ಅರ್ಜಿಯಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಸಾಲು ಇದ್ದಾಗ, ‘ನನಗೆ ಆಫೀಸಿದೆ’ ಅನ್ನುವ ನೆಪ ನನ್ನ ಬಾಯಿಂದ ಹೋಯಿತು. ಸುಮಾ ಈಗ ಐದೂವರೆವರೆಗೆ ಮಲಗುತ್ತಾಳೆ. ಒಂದು ಗಂಟೆ ಜಾಸ್ತಿ ನಿದ್ದೆ. ಶಾಲೆಗೆ ಹೋಗುವ ಮುಂಚೆ ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತಾಳೆ. ನನ್ನ ಪಾಲಿಗೆ ಈ ಪಾಲಿಸಿಯ ಮೊದಲ ಫಲ ಅದೇ. ಕಂಪನಿಯ ಯಾವ ವರದಿಯಲ್ಲೂ ಅವಳ ಆರೋಗ್ಯದ ಲೆಕ್ಕ ಬರುವುದಿಲ್ಲ.

ಇನ್ನು ಎರಡು ಅರ್ಧ ದಿನ ಬೇರೆ ಇದೆ, ಆರೈಕೆ ಮಾಡುವವರ ಸ್ವಂತ ಆರೋಗ್ಯಕ್ಕೆ ಅಂತ. ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ. ಇದನ್ನು ಯಾರು ಯೋಚಿಸಿದರೋ, ಅವರಿಗೆ ಕೈ ಮುಗಿಯಬೇಕು. ಅಪ್ಪನನ್ನು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ನಾನು, ಮೂರು ವರ್ಷದಿಂದ ನೋಯುತ್ತಿದ್ದ ಹಲ್ಲನ್ನು ತೋರಿಸಿರಲಿಲ್ಲ. ಫೆಬ್ರವರಿಯಲ್ಲಿ ಎಚ್‌ಆರ್‌ನಿಂದ ಫೋನ್ ಬಂತು. ‘ನಿಮ್ಮ ಚೆಕಪ್ ಆಯ್ತಾ ಸಾರ್?’ ಅಂತ. ಆಗಿಲ್ಲ ಅಂದೆ. ‘ಈ ವಾರ ಮುಗಿಸಿ, ನಾನು ಶುಕ್ರವಾರ ಮತ್ತೆ ಕೇಳ್ತೀನಿ’ ಅಂದರು. ಕೇಳಿದರು ಕೂಡ. ಹಲ್ಲು ಕೀಳಿಸಿದೆ, ಬಿಪಿ ಮಾತ್ರೆ ಸರಿ ಮಾಡಿಸಿಕೊಂಡೆ. ಮೊನ್ನೆ ನವೆಂಬರ್‌ನಲ್ಲಿ ಆಫೀಸಿನ ನರ್ಸ್ ನೋಡಿದಾಗ 132/84. ಮಾತ್ರೆಯ ಪಾಲೂ ಇದೆ, ಮೆಟ್ರೊದ್ದೂ ಇದೆ, ಸುಳ್ಳು ಹೇಳಿ ರಜೆ ಹಾಕುವುದು ನಿಂತದ್ದೂ ಇದೆ. ಯಾವುದು ಎಷ್ಟು ಅಂತ ಬಿಡಿಸಿ ಹೇಳಲಾರೆ. ಸಲಹೆಗಾರ್ತಿಯ 22 ಪ್ರಶ್ನೆ ಮತ್ತೆ ಬರೆದಾಗ 51 ಇದ್ದದ್ದು 34 ಆಗಿತ್ತು.

80 ಗಂಟೆ ಹೇಗೆ ಖರ್ಚಾಯಿತು ಅಂತ ನನ್ನ ಡೈರಿಯಲ್ಲಿದೆ. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಬೆಳಗಿನ ಒಂದು, ಒಂದೂವರೆ ಗಂಟೆಗಳಿಗೆ. ಡಾಕ್ಟರಿಗೆ 18. ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಕ್ಕೇ, ಅಂದರೆ ಬದುಕಿದ್ದಾರೆ ಅನ್ನುವ ದಾಖಲೆಗೇ ಮೂರು ಗಂಟೆ. ಅಪ್ಪನ ಬೆರಳಚ್ಚು ಮೆಷಿನ್ ಮೇಲೆ ಮೂಡಲೇ ಇಲ್ಲ. ಮೂವತ್ತು ವರ್ಷ ಟಿಕೆಟ್ ಹರಿದ ಬೆರಳು ಅದು, ಸವೆದಿದೆ. ಕೊನೆಗೆ ಫೋನಿನಲ್ಲಿ ಮುಖ ತೋರಿಸಿ ಮುಗಿಸಿದೆವು. ಕಣ್ಣು ಮಿಟುಕಿಸಿ ಅಂದರೆ ಅವರು ಪ್ರತಿ ಸಲ ನನ್ನ ಕಡೆ ತಿರುಗಿ ನಗುತ್ತಿದ್ದರು. ಮೊದಲಾಗಿದ್ದರೆ ಆ ನಗು ನೋಡುವ ತಾಳ್ಮೆ ನನಗಿರುತ್ತಿರಲಿಲ್ಲ.

ಗಂಟೆ ಲೆಕ್ಕದಲ್ಲಿ ರಜೆ ಕೊಡುವುದು ನಮ್ಮ ಕಂಪನಿ ಕಂಡುಹಿಡಿದದ್ದೇನಲ್ಲ. ಜಪಾನಿನಲ್ಲಿ ಕಾನೂನೇ ಇದೆ. ಒಬ್ಬರನ್ನು ನೋಡಿಕೊಳ್ಳುವವರಿಗೆ ವರ್ಷಕ್ಕೆ ಐದು ದಿನ, 2021ರ ಜನವರಿಯಿಂದ ಅದನ್ನು ಗಂಟೆ ಗಂಟೆಯಾಗಿ ತೆಗೆದುಕೊಳ್ಳಬಹುದು. ಅದಲ್ಲದೆ ಮನೆಯವರೊಬ್ಬರಿಗೆ ಅಂತ ಒಟ್ಟು 93 ದಿನದ ದೊಡ್ಡ ರಜೆ ಬೇರೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ವರ್ಷಕ್ಕೆ ಒಂದು ವಾರ, ಆದರೆ ಸಂಬಳ ಇಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಅಂತ ಅಂದಾಜು. ಅವರೊಬ್ಬೊಬ್ಬರ ಹಿಂದೆಯೂ ಬೆಳಿಗ್ಗೆ ಗಡಿಯಾರ ನೋಡುವ ಒಬ್ಬ ಮಗಳೋ ಸೊಸೆಯೋ ಮಗನೋ ಇದ್ದಾರೆ.

ಈಗ ದೂರುಗಳು.

ಉಳಿದ ಗಂಟೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಹೋಗಬೇಕು. ಈ ಕಾಯಿಲೆ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತೆ, ಕಡಿಮೆಯಾಗುವುದಿಲ್ಲ.

‘ಕುಟುಂಬ’ ಅನ್ನುವುದಕ್ಕೆ ಅವರ ಅರ್ಥ ಬಹಳ ಚಿಕ್ಕದು. ತಂದೆ ತಾಯಿ, ಅತ್ತೆ ಮಾವ, ಗಂಡ ಹೆಂಡತಿ, ಮಕ್ಕಳು. ನನ್ನ ಪಕ್ಕದ ಸೀಟಿನವರನ್ನು ಸಾಕಿದ್ದು ಅವರ ಚಿಕ್ಕಮ್ಮ. ಹತ್ತು ವರ್ಷದಿಂದ ಅವರ ಮನೆಯಲ್ಲೇ ಇದ್ದಾರೆ, ಈಗ ಕೀಮೊ ನಡೆಯುತ್ತಿದೆ. ರಜೆ ಸಿಗಲಿಲ್ಲ. ‘ಅಮ್ಮ ಅಂತ ಹಾಕಿಬಿಡಿ’ ಅಂತ ಯಾರೋ ಸಲಹೆ ಕೊಟ್ಟರು. ಮತ್ತೆ ಸುಳ್ಳಿಗೇ ಬಂದ ಹಾಗಾಯಿತು. ಅವರು ಹಾಕಲಿಲ್ಲ.

ಈ ಪಾಲಿಸಿ ಚೆನ್ನಾಗಿ ನಡೆಯುವುದು ಲೀಡ್ ಚೆನ್ನಾಗಿದ್ದರೆ ಮಾತ್ರ. ನನ್ನ ಲೀಡ್ ಮೇಡಂ ಹತ್ತೂವರೆಗೆ ಮುಂಚೆ ಮೀಟಿಂಗ್ ಇಡುವುದಿಲ್ಲ. ಕೆಳಗಿನ ಮಹಡಿಯ ಇನ್ನೊಬ್ಬರು ಬೇಕಂತಲೇ ಒಂಬತ್ತಕ್ಕೆ ಇಡುತ್ತಾರೆ ಅಂತ ಅಲ್ಲಿಯವರು ಹೇಳುತ್ತಾರೆ. ಅಲ್ಲಿ ಈ ವರ್ಷ ಆರೈಕೆ ಗಂಟೆ ಬಳಸಿದ್ದು ಒಬ್ಬರೇ. ಲೀಡ್‌ಗಳಿಗೆ ಇದರ ತರಬೇತಿ ಕೊಡದಿದ್ದರೆ ಎರಡು ಪುಟದ ಕಾಗದ ಡ್ರಾಯರ್‌ನಲ್ಲೇ ಉಳಿಯುತ್ತೆ.

ಎಲ್ಲಕ್ಕಿಂತ ದೊಡ್ಡ ದೂರು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕ ಬೊಮ್ಮನಹಳ್ಳಿಯಿಂದ ಬರುತ್ತಾರೆ. ಅವರ ಗಂಡನಿಗೆ ಲಕ್ವ ಹೊಡೆದು ಮೂರು ವರ್ಷ ಆಗಿದೆ. ಬೆಳಿಗ್ಗೆ ಐದಕ್ಕೆ ಅವರನ್ನು ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಏಳಕ್ಕೆ ಇಲ್ಲಿರುತ್ತಾರೆ. ಅವರು ಗುತ್ತಿಗೆದಾರರ ಲೆಕ್ಕದಲ್ಲಿದ್ದಾರೆ, ಕಂಪನಿಯ ಲೆಕ್ಕದಲ್ಲಿ ಇಲ್ಲ. ಅವರಿಗೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕರ ವಿಮೆ ಇದೆ. ಅವರೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಸಿಗುತ್ತೆ. ಗಂಡನನ್ನು ನೋಡಿಕೊಳ್ಳಲು ಒಂದು ಗಂಟೆಯೂ ಇಲ್ಲ. ತಡವಾದರೆ ಅರ್ಧ ದಿನದ ಕೂಲಿ ಕಟ್. ಒಂದು ದಿನ ಪ್ಯಾಂಟ್ರಿಯಲ್ಲಿ ನನ್ನ ಕೈಯ ಸುಟ್ಟ ಗುರುತು ನೋಡಿ ‘ಏನಾಯ್ತು ಸಾರ್?’ ಅಂದರು. ಹೇಳಿದೆ. ಅವರು ತಮ್ಮ ಸೀರೆಯ ಸೆರಗು ಸರಿಸಿ ಬಲ ಹೆಗಲು ತೋರಿಸಿದರು. ಗಂಡನನ್ನು ಎತ್ತಿ ಎತ್ತಿ ಆ ಕೈ ತಲೆಯವರೆಗೂ ಏಳುವುದಿಲ್ಲ. ಎಡಗೈಯಲ್ಲಿ ಮಾಪ್ ಹಿಡಿಯುತ್ತಾರೆ. ಇಷ್ಟು ದಿನ ಅವರು ಎಡಚರು ಅಂತ ನಾನು ಅಂದುಕೊಂಡಿದ್ದೆ.

ನವೆಂಬರ್‌ನಲ್ಲಿ ನಾವು 31 ಜನ ಸಹಿ ಹಾಕಿ ಎಚ್‌ಆರ್‌ಗೆ ಪತ್ರ ಕೊಟ್ಟೆವು. ಗುತ್ತಿಗೆ ಕೆಲಸದವರಿಗೂ ಗಂಟೆ ಲೆಕ್ಕದ ಆರೈಕೆ ರಜೆ ಕೊಡಬೇಕು, ಗುತ್ತಿಗೆ ಪತ್ರದಲ್ಲೇ ಆ ಷರತ್ತು ಸೇರಿಸಬೇಕು ಅಂತ. ಏಪ್ರಿಲ್‌ನಲ್ಲಿ ಗುತ್ತಿಗೆ ಹೊಸದಾಗುವಾಗ ನೋಡುತ್ತೇವೆ ಅಂತ ಉತ್ತರ ಬಂದಿದೆ. ‘ನೋಡುತ್ತೇವೆ’ ಅಂದರೆ ಏನು ಅಂತ ನಾನು ಮತ್ತೆ ಬರೆದು ಕೇಳಿದ್ದೇನೆ.

ಸದ್ಯಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದನೆಯದು ಅಕ್ಕನಿಗೆ ಗಂಟೆ ಸಿಕ್ಕ ದಿನ.